ಪ್ರೊಸೆಸ್ ಶೆಡ್ಯೂಲರ್ ಮತ್ತು ಡೆಸ್ಕ್‌ಟಾಪ್ ಸ್ಪಂದನೆ: ಇತಿಹಾಸ

ಪ್ರೊಸೆಸರ್ ಒಂದಿದ್ದು ಕೆಲಸಗಳು ಹಲವಿರುವಾಗ, ಈಗ ಯಾರ ಸರದಿ, ಎಷ್ಟು ಹೊತ್ತು ಎಂದು ಗೊತ್ತುಮಾಡುವ ಆಪರೇಟಿಂಗ್ ಸಿಸ್ಟಂನ ಭಾಗವೇ ಶೆಡ್ಯೂಲರ್. ಸರ್ವರ್‌ನಲ್ಲಿ ಅದರ ಗುಣವನ್ನು ಅಳೆಯುವುದು ಹೆಚ್ಚಾಗಿ ಮುಗಿದ ಕೆಲಸದ ಪ್ರಮಾಣದಿಂದ. ಡೆಸ್ಕ್‌ಟಾಪ್‌ನಲ್ಲಿ ಅಳತೆಗೋಲೇ ಬೇರೆ. ಕೀಲಿ ಒತ್ತಿದ ಕೂಡಲೇ ಅಕ್ಷರ ಮೂಡಬೇಕು, ಹಾಡು ನಡುವೆ ತುಂಡಾಗಬಾರದು, ಸೆಕೆಂಡಿಗೆ 60 ಸಲ ಹೊಸದಾಗುವ ಪರದೆಗೆ ಪ್ರತಿ ಚಿತ್ರವೂ ಸುಮಾರು 16.7 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ಒಟ್ಟು ಕೆಲಸ ಚೆನ್ನಾಗಿ ಸಾಗುತ್ತಿದ್ದರೂ ಮೌಸ್ ತಡವರಿಸಿದರೆ ಬಳಸುವವರ ಪಾಲಿಗೆ ಆ ಯಂತ್ರ ನಿಧಾನವೇ.

ಈ ಎಳೆದಾಟ ಹಳೆಯದು. ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ತೋರಿಸಿದ ಸಿಟಿಎಸ್‌ಎಸ್ ವ್ಯವಸ್ಥೆಯೇ ಇದಕ್ಕೊಂದು ದಾರಿ ಹಾಕಿಕೊಟ್ಟಿತು. ಬೇಗ ಮುಗಿಯುವ ಕೆಲಸ ಮೇಲಿನ ಸಾಲಿನಲ್ಲಿ ಉಳಿಯುತ್ತದೆ, ಪ್ರೊಸೆಸರನ್ನು ಬಿಡದೆ ಹಿಡಿದುಕೊಳ್ಳುವುದು ಕೆಳಗಿನ ಸಾಲಿಗೆ ಇಳಿಯುತ್ತದೆ. ನಡತೆ ನೋಡಿ ಸ್ಥಾನ ಕೊಡುವ ಈ ತತ್ತ್ವವನ್ನು ಯುನಿಕ್ಸ್ ತನ್ನದೇ ರೀತಿಯಲ್ಲಿ ಮುಂದುವರಿಸಿತು. ವಿಂಡೋಸ್ ಎನ್‌ಟಿ ವಂಶದ ಡೆಸ್ಕ್‌ಟಾಪ್ ಆವೃತ್ತಿಗಳು ಕಣ್ಣೆದುರಿನ ವಿಂಡೋಗೆ ಉದ್ದದ ಸರದಿ ಕೊಟ್ಟವು, ಕೀಲಿಗಾಗಿ ಕಾದು ಎಚ್ಚರಗೊಂಡ ಕೆಲಸಕ್ಕೆ ತಾತ್ಕಾಲಿಕವಾಗಿ ಆದ್ಯತೆ ಏರಿಸಿದವು. ಅದೇ ವಂಶದ ಸರ್ವರ್ ಆವೃತ್ತಿಗಳಲ್ಲಿ ಎಲ್ಲರಿಗೂ ಉದ್ದವಾದ, ಸಮನಾದ ಸರದಿ.

ವಾದವೆಲ್ಲ ಬಹಿರಂಗವಾಗಿ ನಡೆದದ್ದು ಲಿನಕ್ಸ್‌ನಲ್ಲಿ. ಲಿನಕ್ಸ್‌ನ ತಿರುಳಾದ ಕರ್ನಲ್‌ನ 2001ರ 2.4 ಆವೃತ್ತಿಯ ಶೆಡ್ಯೂಲರ್, ಓಡಲು ಸಿದ್ಧವಿರುವ ಪ್ರತಿಯೊಂದು ಕೆಲಸವನ್ನೂ ಪರಿಶೀಲಿಸಿ ಮುಂದಿನದನ್ನು ಆರಿಸುತ್ತಿತ್ತು. ಕೆಲಸ ಹೆಚ್ಚಿದಷ್ಟೂ ಆಯ್ಕೆಗೇ ಹೆಚ್ಚು ಸಮಯ ಹೋಗುತ್ತಿತ್ತು. 2003ರ ಡಿಸೆಂಬರ್‌ನಲ್ಲಿ ಬಂದ 2.6ರಲ್ಲಿ ಕರ್ನಲ್ ಅಭಿವೃದ್ಧಿಗಾರ ಇಂಗೊ ಮೋಲ್ನಾರ್ ಅವರ ಹೊಸ ಶೆಡ್ಯೂಲರ್ ಈ ತೊಡಕನ್ನು ನೀಗಿತು. ಎಷ್ಟೇ ಕೆಲಸಗಳಿದ್ದರೂ ಆಯ್ಕೆಗೆ ಹಿಡಿಯುವ ಸಮಯ ಒಂದೇ. ಆದರೆ ಬಳಕೆದಾರರೊಡನೆ ವ್ಯವಹರಿಸುವ ಕೆಲಸ ಯಾವುದೆಂದು ತಿಳಿಯಲು ಅದು ಊಹೆಯನ್ನು ನೆಚ್ಚಿಕೊಂಡಿತ್ತು. ಹೆಚ್ಚು ಹೊತ್ತು ನಿದ್ರಿಸುವ ಪ್ರಕ್ರಿಯೆ ಬಳಕೆದಾರರದ್ದಿರಬೇಕು ಎಂಬುದು ಆ ಊಹೆ. ವಿಂಡೋಗಳನ್ನು ಬಿಡಿಸುವ ಪ್ರೋಗ್ರಾಂಗೇ ಒಮ್ಮೊಮ್ಮೆ ಬಿಡುವಿಲ್ಲದ ದುಡಿಮೆ. ಆಗ ಊಹೆ ತಪ್ಪಿ, ಪರದೆಯನ್ನು ನಡೆಸುವವರೇ ಸಾಲಿನ ಹಿಂದಕ್ಕೆ ಹೋಗುತ್ತಿದ್ದರು. ಒಂದು ತಪ್ಪು ಸರಿಪಡಿಸಲು ಸೇರಿಸಿದ ನಿಯಮ ಇನ್ನೊಂದು ತಪ್ಪಿಗೆ ಬಾಗಿಲು ತೆರೆಯುತ್ತಿತ್ತು.

ಊಹೆಯನ್ನೇ ಕೈಬಿಡಬಹುದೆಂದು ಮಾಡಿ ತೋರಿಸಿದವರು ಆಸ್ಟ್ರೇಲಿಯದ ಕಾನ್ ಕೊಲಿವಾಸ್. ವೃತ್ತಿಯಿಂದ ಅವರು ಅರಿವಳಿಕೆ ವೈದ್ಯರು. ಸ್ಪಂದನೆಯನ್ನು ಅಂಕಿಗಳಲ್ಲಿ ಹಿಡಿಯಲು ಇಂಟರ್‌ಬೆಂಚ್ ಎಂಬ ಪರೀಕ್ಷಾ ಸಾಧನವನ್ನೂ ಬರೆದರು. 2007ರ ಮಾರ್ಚ್‌ನಲ್ಲಿ ಅವರು ಮುಂದಿಟ್ಟ ಶೆಡ್ಯೂಲರ್ ಸಮಪಾಲನ್ನಷ್ಟೇ ನಂಬಿತ್ತು. ಮರುತಿಂಗಳು ಮೋಲ್ನಾರ್ ಅದೇ ತತ್ತ್ವದ ಮೇಲೆ ಸಿಎಫ್‌ಎಸ್ ಎಂಬ ಶೆಡ್ಯೂಲರ್ ಪ್ರಕಟಿಸಿದರು, ಕೊಲಿವಾಸ್‌ಗೆ ಸಲ್ಲಬೇಕಾದ ಮನ್ನಣೆಯನ್ನೂ ದಾಖಲಿಸಿದರು. ಅಕ್ಟೋಬರ್‌ನ 2.6.23 ಕರ್ನಲ್‌ಗೆ ಸೇರಿದ್ದು ಸಿಎಫ್‌ಎಸ್. ಪಂಕ್ತಿಯಲ್ಲಿ ಯಾರ ಎಲೆಗೆ ಕಡಿಮೆ ಬಿದ್ದಿದೆಯೋ ಅಲ್ಲಿಗೆ ಮೊದಲು ಬಡಿಸುವಂತೆ, ಇದುವರೆಗೆ ಅತಿ ಕಡಿಮೆ ಸಮಯ ಪಡೆದ ಕೆಲಸವೇ ಅದರಲ್ಲಿ ಮುಂದಿನದು.

ಆದರೆ ಒಂದೇ ಮನೆಯಿಂದ ಹತ್ತು ಜನ ಬಂದು ಕೂತರೆ ಎಲೆಗೆಲೆಗೆ ಸಮ ಬಡಿಸಿದರೂ ಮನೆಮನೆಗೆ ಸಮವಾಗದು. ಸ್ಪಂದನೆಯ ಇತಿಹಾಸದಲ್ಲಿ ಈ ಪ್ರಶ್ನೆಗೆ ಸಿಕ್ಕಬೇಕಾದ ಮಹತ್ವ ಸಿಕ್ಕಿಲ್ಲ, ಅದಕ್ಕೆ ಉತ್ತರ ಬರೆದ ನಮ್ಮ ಕಡೆಯ ಕೆಲಸವೂ ಹೆಚ್ಚು ಜನರಿಗೆ ಗೊತ್ತಿಲ್ಲ. ಬೆಂಗಳೂರಿನ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಶ್ರೀವತ್ಸ ವಡ್ಡಗಿರಿ ಸಿಎಫ್‌ಎಸ್‌ಗೆ ಗುಂಪು ಹಂಚಿಕೆಯನ್ನು ಸೇರಿಸಿದರು. 2008ರ ಜನವರಿಯ 2.6.24ರಲ್ಲಿ ಅದು ಹೊರಬಂತು. ಇಲ್ಲಿ ಪಾಲು ಮೊದಲು ಗುಂಪುಗಳ ನಡುವೆ, ಬಳಿಕ ಗುಂಪಿನೊಳಗೆ. ಒಂದು ಪ್ರೊಸೆಸರ್ ಮೇಲೆ 64 ಕಂಪೈಲ್ ಕೆಲಸಗಳೂ ಒಂದು ಬ್ರೌಸರೂ ಇದ್ದರೆ ಬಿಡಿ ಲೆಕ್ಕದಲ್ಲಿ ಬ್ರೌಸರ್‌ಗೆ ದಕ್ಕುವುದು 65ರಲ್ಲಿ ಒಂದು ಪಾಲು. ಎರಡು ಗುಂಪು ಮಾಡಿದರೆ, ಬೇಕೆಂದಾಗ ಅರ್ಧದವರೆಗೂ ಸಿಗುತ್ತದೆ. ಹಲವರು ಹಂಚಿಕೊಳ್ಳುವ ದೊಡ್ಡ ಯಂತ್ರಗಳಿಗೆಂದು ಕಟ್ಟಿದ ವ್ಯವಸ್ಥೆಯಿದು. ಒಂದು ಗುಂಪು ಬಳಸಬಹುದಾದ ಸಮಯಕ್ಕೆ ಮೇಲ್ಮಿತಿ ಹಾಕುವ ಸೌಲಭ್ಯ 3.2 ಕರ್ನಲ್‌ನಲ್ಲಿ ಬಂತು. ಅದನ್ನು ರೂಪಿಸಿದವರಲ್ಲಿ ಐಬಿಎಂನ ಭರತ ರಾವ್ ಒಬ್ಬರು.

ಡೆಸ್ಕ್‌ಟಾಪ್‌ಗೆ ಗುಂಪು ಹಂಚಿಕೆಯ ಫಲ ಮುಟ್ಟಿದ್ದು 2010ರ ಕೊನೆಯಲ್ಲಿ. ಒಂದೊಂದು ಟರ್ಮಿನಲ್‌ನಿಂದ ಹೊರಟ ಕೆಲಸಗಳೆಲ್ಲ ತಾವಾಗಿ ಒಂದು ಗುಂಪಾಗುವಂತೆ ಮೈಕ್ ಗಾಲ್‌ಬ್ರೈತ್ ಇನ್ನೂರು ಚಿಲ್ಲರೆ ಸಾಲುಗಳ ತಿದ್ದುಪಡಿ ಬರೆದರು. ಭಾರಿ ಕಂಪೈಲ್ ನಡೆಯುವಾಗಲೂ ಬ್ರೌಸರ್‌ನಲ್ಲಿ ಪುಟ ಸಲೀಸಾಗಿ ಸರಿದದ್ದನ್ನು ಕಂಡು ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಮೆಚ್ಚಿದರು. ಶೆಲ್ ಸಂರಚನೆಯ ಕೆಲವೇ ಸಾಲುಗಳಲ್ಲಿ ಇದನ್ನು ಮಾಡಬಹುದಲ್ಲ ಎಂದು ಇನ್ನೊಬ್ಬ ಲಿನಕ್ಸ್ ಅಭಿವೃದ್ಧಿಗಾರ ಲೆನ್ನಾರ್ಟ್ ಪೊಟ್ಟರಿಂಗ್ ಕೇಳಿದರು. ಬಳಸುವವರು ಏನನ್ನೂ ಹೊಂದಿಸದೆ ನಡೆಯಬೇಕೆಂಬ ನಿಲುವು ಗೆದ್ದಿತು, 2011ರ ಮಾರ್ಚ್‌ನ 2.6.38ರಲ್ಲಿ ತಿದ್ದುಪಡಿ ಸೇರಿತು. ಇದಕ್ಕೊಂದು ಬೆಲೆಯೂ ಇತ್ತು. ಕೆಲಸದ ಆದ್ಯತೆ ತಗ್ಗಿಸುವ ನೈಸ್ ಆಜ್ಞೆಯ ಪರಿಣಾಮ ಆ ಗುಂಪಿನೊಳಗಷ್ಟೇ ಉಳಿಯಿತು.

ಅಷ್ಟರಲ್ಲಿ ಕೊಲಿವಾಸ್ 2009ರಲ್ಲಿ ಬಿಎಫ್‌ಎಸ್‌ನೊಂದಿಗೆ ಮರಳಿದ್ದರು. ಮನೆಬಳಕೆಯ ಸಣ್ಣ ಯಂತ್ರಗಳಿಗೆಂದೇ ಬರೆದ, ಎಲ್ಲ ಪ್ರೊಸೆಸರ್‌ಗಳಿಗೂ ಒಂದೇ ಸಾಲಿರುವ ಶೆಡ್ಯೂಲರ್ ಅದು. ಮೋಲ್ನಾರ್ ಅದನ್ನು ಎಂಟು ಕೋರ್‌ಗಳ ಯಂತ್ರದಲ್ಲಿ ಪರೀಕ್ಷಿಸಿ ಸಿಎಫ್‌ಎಸ್ ಮೇಲು ಎಂದರು. ತಾನು ಗುರಿಯಿಟ್ಟದ್ದು ಅಂಥ ಯಂತ್ರಕ್ಕಲ್ಲ ಎಂದರು ಕೊಲಿವಾಸ್. ಹೋಲಿಕೆಯ ಕಷ್ಟವೆಲ್ಲ ಈ ಜಗಳದಲ್ಲೇ ಇದೆ. ಯಾವ ಯಂತ್ರ, ಯಾವ ಹೊರೆ ಎಂದು ಹೇಳದ ಅಂಕಿಗೆ ಅರ್ಥವಿಲ್ಲ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನ ಯುಎಲ್‌ಇ ಶೆಡ್ಯೂಲರನ್ನು ಲಿನಕ್ಸ್‌ಗೇ ತಂದು ಸಿಎಫ್‌ಎಸ್ ಜೊತೆ ಪಕ್ಕಪಕ್ಕದಲ್ಲಿಟ್ಟ 2018ರ ಅಧ್ಯಯನ ಹೆಚ್ಚು ಪ್ರಾಮಾಣಿಕ ಹೋಲಿಕೆ. ಅಲ್ಲಿ ಸರ್ವವಿಜಯಿ ಯಾರೂ ಇರಲಿಲ್ಲ.

ಸಮಪಾಲಿನ ಲೆಕ್ಕಕ್ಕೆ ಒಂದು ಕೊರತೆ ಉಳಿದಿತ್ತು. ಕಡಿಮೆ ಸಮಯ ಸಾಕು, ಆದರೆ ತಕ್ಷಣ ಬೇಕು ಎಂದು ಕೇಳಲು ಸಾಮಾನ್ಯ ಕೆಲಸಕ್ಕೆ ದಾರಿಯಿರಲಿಲ್ಲ. ಇಯೋನ್ ಸ್ಟೋಯಿಕಾ ಮತ್ತು ಹುಸೇನ್ ಅಬ್ದೆಲ್ ವಹಾಬ್ 1995ರಲ್ಲಿ ವಿವರಿಸಿದ್ದ ಇಇವಿಡಿಎಫ್ ವಿಧಾನ ಇದಕ್ಕೆ ಒದಗಿತು. ಪೀಟರ್ ಜಿಲ್‌ಸ್ಟ್ರಾ ಅದನ್ನು 2023ರ 6.6 ಕರ್ನಲ್‌ಗೆ ತಂದರು. ಪಾಲು ಬಾಕಿಯಿರುವವರಲ್ಲಿ ಯಾರ ಗಡುವು ಹತ್ತಿರವೋ ಅವರಿಗೆ ಸರದಿ. ಚಿಕ್ಕ ಸರದಿ ಕೇಳಿದವರ ಗಡುವು ಬೇಗ ಬರುತ್ತದೆ. 2024ರ ನವೆಂಬರ್‌ನ 6.12ರಿಂದ ಪ್ರಕ್ರಿಯೆ ತನ್ನ ಸರದಿಯ ಉದ್ದವನ್ನು 0.1ರಿಂದ 100 ಮಿಲಿಸೆಕೆಂಡಿನ ನಡುವೆ ತಾನೇ ಕೇಳಬಹುದು. ಅದೇ ಆವೃತ್ತಿಯಲ್ಲಿ ಶೆಡ್ಯೂಲರನ್ನೇ ಹೊರಗಿನಿಂದ ಬರೆದು ಜೋಡಿಸುವ ಸ್ಕೆಡ್‌ಎಕ್ಸ್‌ಟ್ ಸೌಲಭ್ಯವೂ ಬಂತು. ಆಟಗಳ ಸ್ಪಂದನೆಗೆಂದೇ ಅದರ ಮೇಲೆ ಶೆಡ್ಯೂಲರ್‌ಗಳನ್ನು ಬರೆಯುತ್ತಿದ್ದಾರೆ. ಸಿಎಫ್‌ಎಸ್‌ನ ಆಯ್ಕೆಯ ನಿಯಮ ಹೋಗಿ ಇಇವಿಡಿಎಫ್ ಬಂದರೂ ಗುಂಪು ಹಂಚಿಕೆಯ ವ್ಯವಸ್ಥೆ ಮುಂದುವರಿದಿದೆ. ಗ್ನೋಮ್‌ನಂಥ ಡೆಸ್ಕ್‌ಟಾಪ್‌ಗಳು ಈಗ ಒಂದೊಂದು ಅಪ್ಲಿಕೇಶನನ್ನೂ ಅದರದೇ ಗುಂಪಿನಲ್ಲಿ ಇಡುತ್ತವೆ.