ಫೇಜಾಂಗ್

ಚೀನೀ ಪಾರಂಪರಿಕ ವೈದ್ಯಪದ್ಧತಿ ಗುರುತಿಸುವ ದೀರ್ಘಕಾಲದ ಶ್ವಾಸಕೋಶ ವ್ಯಾಧಿ. ಪದದ ಅರ್ಥ ‘ಶ್ವಾಸಕೋಶದ ಉಬ್ಬರ’. ಇಂದು ಸಿಒಪಿಡಿ ಎನ್ನುವ ದೀರ್ಘಕಾಲದ ಶ್ವಾಸ ಅಡಚಣೆ ಕಾಯಿಲೆಯ ಲಕ್ಷಣಗಳು ಬಹುಮಟ್ಟಿಗೆ ಇದಕ್ಕೆ ಹೊಂದುತ್ತವೆ. ಹಾನ್ ರಾಜವಂಶದ ಕೊನೆಗಾಲದ ವೈದ್ಯ ಜಾಂಗ್ ಜೊಂಗ್‌ಜಿಂಗ್, ಕೆಮ್ಮಿ ಏದುಸಿರು ಬಿಡುವ ರೋಗಿಯ ಕಣ್ಣುಗಳು ಹೊರಬೀಳುವಂತೆ ಕಾಣುವುದನ್ನೂ ಗುರುತಿಸಿದ್ದಾನೆ.

ಈ ವೈದ್ಯಪದ್ಧತಿಯಲ್ಲಿ ಅಂಗದ ಹೆಸರು ಬರಿಯ ಅಂಗವನ್ನಲ್ಲ, ಒಂದು ಕಾರ್ಯವ್ಯವಸ್ಥೆಯನ್ನು ಸೂಚಿಸುತ್ತದೆ ಎಂಬುದನ್ನು ಮರೆಯಬಾರದು. ಅದರ ಪ್ರಕಾರ ಈ ವ್ಯಾಧಿಯಲ್ಲಿ ಮೊದಲು ಶ್ವಾಸಕೋಶದ ‘ಚಿ’ ಎಂಬ ಪ್ರಾಣಶಕ್ತಿ ಕುಗ್ಗುತ್ತದೆ. ರೋಗಿಗೆ ಪದೇ ಪದೇ ನೆಗಡಿಯಾಗುತ್ತದೆ, ಸುಮ್ಮನೆ ಕುಳಿತರೂ ಬೆವರುತ್ತಾನೆ. ಆಮೇಲೆ ಗುಲ್ಮ ಸೋಲುತ್ತದೆ. ಅರಗದೆ ಉಳಿದ ಆಹಾರರಸ ಕಫವಾಗಿ ಎದೆಯಲ್ಲಿ ಕಟ್ಟಿಕೊಳ್ಳುತ್ತದೆ. ಒಳಗೆಳೆದ ಉಸಿರನ್ನು ಕೆಳಗೆ ಹಿಡಿದಿಡುವುದು ಮೂತ್ರಪಿಂಡದ ಕೆಲಸ. ಅದು ಬಳಲಿದಾಗ ನಾಲ್ಕು ಮೆಟ್ಟಿಲು ಹತ್ತುವುದೂ ದುಸ್ತರ. ಕೊನೆಗೆ ರೋಗ ಹೃದಯಕ್ಕೆ ತಗಲಿ ರಕ್ತ ಕಟ್ಟಿಕೊಳ್ಳುತ್ತದೆ, ತುಟಿ ನೀಲಿಗಟ್ಟುತ್ತದೆ, ಕಾಲು ಬಾಯುತ್ತದೆ. ಆಧುನಿಕ ವೈದ್ಯರು ಶ್ವಾಸಕೋಶಜನ್ಯ ಹೃದಯವೈಫಲ್ಯ ಎನ್ನುವ ಹಂತವನ್ನು ಇದು ನಿಚ್ಚಳವಾಗಿ ನೆನಪಿಸುತ್ತದೆ. ವಿವರಣೆ ಬೇರೆಯಾದರೂ ಹಾಸಿಗೆಯ ಪಕ್ಕದ ಈ ಅವಲೋಕನ ಅಸಾಧಾರಣ.

ಚಿಕಿತ್ಸೆಯಲ್ಲಿ ಬಳಸುವ ಮಾಹುವಾಂಗ್ ಗಿಡದಿಂದಲೇ 1885ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಎಫೆಡ್ರಿನ್ ಎಂಬ ಔಷಧವಸ್ತುವನ್ನು ಬೇರ್ಪಡಿಸಿದ. ಅದು ಶ್ವಾಸನಾಳವನ್ನು ಹಿಗ್ಗಿಸುತ್ತದೆ. ರಕ್ತದೊತ್ತಡವನ್ನೂ ಏರಿಸುವುದರಿಂದ ಹೃದ್ರೋಗಿಗಳಿಗೆ ಅಪಾಯಕಾರಿ.