ಗಾಳಿ ಪುಕ್ಕಟೆ, ಯಂತ್ರ ದುಬಾರಿ: ಮನೆಯ ಪವನ ವಿದ್ಯುತ್ತಿನ ಚರಿತ್ರೆ

ಚಿತ್ರದುರ್ಗದ ಜೋಗಿಮಟ್ಟಿಯಲ್ಲೋ ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲೋ ತಿರುಗುವ ಗಾಳಿಯಂತ್ರಗಳನ್ನು ನೋಡಿ ಬಂದ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇಂಥದ್ದೇ ಒಂದು ಚಿಕ್ಕದನ್ನು ನಮ್ಮ ಮನೆಯ ತಾರಸಿಯ ಮೇಲೆ ಹಾಕಿಸಿದರೆ ಕರೆಂಟ್ ಬಿಲ್ ಉಳಿಯುವುದಿಲ್ಲವೇ, ಸಾರ್?’ ಪ್ರಶ್ನೆ ಹೊಸದಲ್ಲ. ಅದಕ್ಕೆ 130 ವರ್ಷಗಳಿಗೂ ಮೀರಿದ ಚರಿತ್ರೆಯಿದೆ.

1887ರ ಜುಲೈನಲ್ಲಿ ಸ್ಕಾಟ್ಲೆಂಡಿನ ಪ್ರಾಧ್ಯಾಪಕ ಜೇಮ್ಸ್ ಬ್ಲೈತ್, ಮೇರಿಕರ್ಕ್ ಹಳ್ಳಿಯಲ್ಲಿದ್ದ ತನ್ನ ರಜಾಕಾಲದ ಮನೆಯ ತೋಟದಲ್ಲಿ ಬಟ್ಟೆಯ ಹಾಯಿಗಳ ಗಾಳಿಯಂತ್ರವೊಂದನ್ನು ನಿಲ್ಲಿಸಿ, ಬ್ಯಾಟರಿ ತುಂಬಿಸಿ ಮನೆಯ ದೀಪ ಉರಿಸಿದ. ಹೆಚ್ಚಾದ ವಿದ್ಯುತ್ತಿನಿಂದ ಊರಿನ ಮುಖ್ಯ ಬೀದಿಗೂ ಬೆಳಕು ಕೊಡುತ್ತೇನೆಂದಾಗ, ವಿದ್ಯುತ್ತು ಸೈತಾನನ ಕೆಲಸವೆಂದು ಊರವರು ಬೇಡವೆಂದರಂತೆ! ಅದರ ಬೆನ್ನಲ್ಲೇ, 1887–88ರ ಚಳಿಗಾಲದಲ್ಲಿ, ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಚಾರ್ಲ್ಸ್ ಬ್ರಷ್ ತನ್ನ ಬಂಗಲೆಯ ಹಿತ್ತಿಲಲ್ಲಿ ದೈತ್ಯ ಯಂತ್ರವನ್ನೇ ಕಟ್ಟಿಸಿದ. 17 ಮೀಟರ್ ವ್ಯಾಸದ ಚಕ್ರ, ದೇವದಾರು ಜಾತಿಯ ಮರದ 144 ರೆಕ್ಕೆಗಳು, ನೆಲಮಾಳಿಗೆಯಲ್ಲಿ 408 ಬ್ಯಾಟರಿಗಳು. ಇಷ್ಟೆಲ್ಲ ಇದ್ದೂ ಗರಿಷ್ಠ ಉತ್ಪಾದನೆ 12 ಕಿಲೋವಾಟ್ ಮಾತ್ರ. 1890ರ ಡಿಸೆಂಬರಿನಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಇದನ್ನು ಮೆಚ್ಚಿ ವರ್ಣಿಸಿತು. ಆದರೆ ಗಾಳಿಗೆ ಬೆಲೆಯಿಲ್ಲವೆಂದ ಮಾತ್ರಕ್ಕೆ ಈ ವಿದ್ಯುತ್ತು ಅಗ್ಗವೆಂದು ಓದುಗರು ಭಾವಿಸಬಾರದು, ಯಂತ್ರಕ್ಕೆ ತಗಲುವ ಖರ್ಚು ಆ ಉಳಿತಾಯವನ್ನೆಲ್ಲ ನುಂಗಿಹಾಕುತ್ತದೆ ಎಂದೂ ಅದೇ ಲೇಖನ ಎಚ್ಚರಿಸಿತು. ಬ್ರಷ್ ಸಿರಿವಂತ ಸಂಶೋಧಕ; ಆತನಿಗೆ ಖರ್ಚಿನ ಚಿಂತೆ ಇರಲಿಲ್ಲ.

ಹಾಗಾದರೆ ಚಿಂತೆ ಇದ್ದವರು ಗಾಳಿಯಂತ್ರ ಕೊಳ್ಳಲೇ ಇಲ್ಲವೇ? ಕೊಂಡರು, ಅದೂ ಸಾವಿರಾರು ಸಂಖ್ಯೆಯಲ್ಲಿ. ಆ ಕಥೆ ನಡೆದದ್ದು ಅಮೆರಿಕದ ಮೊಂಟಾನಾ ಪ್ರಾಂತದ ಬಯಲಿನಲ್ಲಿ. 1920ರ ದಶಕದ ಆರಂಭದಲ್ಲಿ ಅಲ್ಲಿನ ಜೇಕಬ್ಸ್ ಕುಟುಂಬದ ಪಶುಪಾಲನಾ ಕೇಂದ್ರಕ್ಕೆ ವಿದ್ಯುತ್ ತಂತಿ ಬಂದಿರಲಿಲ್ಲ. ಸದ್ಯಕ್ಕೆ ಬರುವ ಸೂಚನೆಯೂ ಇರಲಿಲ್ಲ. ಪೆಟ್ರೋಲ್ ಎಂಜಿನ್ ಓಡಿಸಬೇಕೆಂದರೆ ಇಂಧನವನ್ನು ದೂರದಿಂದ ಹೊತ್ತು ತರಬೇಕು. ಮಾರ್ಸೆಲಸ್ ಮತ್ತು ಜೋ ಎಂಬ ಅಣ್ಣತಮ್ಮಂದಿರು ಮೊದಲು ಮಾಡಿದ್ದು ನಾವೆಲ್ಲ ಮಾಡಬಹುದಾದದ್ದನ್ನೇ: ನೀರೆತ್ತುವ ಗಾಳಿ ರಾಟೆಯ ಚಕ್ರವನ್ನು ಹಳೆಯ ಫೋರ್ಡ್ ಕಾರಿನ ಹಿಂದಿನ ಅಚ್ಚಿಗೆ ಜೋಡಿಸಿ ಡೈನಮೋ ತಿರುಗಿಸಿದರು. ಒತ್ತೊತ್ತಾದ ರೆಕ್ಕೆಗಳ ಆ ಚಕ್ರಕ್ಕೆ ಬಲವಿತ್ತು, ವೇಗವಿರಲಿಲ್ಲ. ಡೈನಮೋಗೆ ಬೇಕಾದದ್ದು ವೇಗ.

ವಿಮಾನ ನಡೆಸಲು ಕಲಿತ ಮಾರ್ಸೆಲಸ್‌ಗೆ ಅದರ ಪ್ರೊಪೆಲರ್‌ನಲ್ಲಿ ಉತ್ತರ ಕಂಡಿತು. ಆದರೆ ಎರಡು ರೆಕ್ಕೆಗಳ ಪ್ರೊಪೆಲರ್ ಇನ್ನೊಂದು ತೊಂದರೆ ಕೊಟ್ಟಿತು. ಗಾಳಿಯ ದಿಕ್ಕು ಬದಲಾಗಿ ಬಾಲವು ಯಂತ್ರವನ್ನು ಹೊರಳಿಸುವಾಗ, ರೆಕ್ಕೆಗಳು ನೆಟ್ಟಗೆ ನಿಂತ ಕ್ಷಣದಲ್ಲಿ ಅದು ಸುಲಭವಾಗಿ ಹೊರಳುತ್ತದೆ, ಅಡ್ಡಲಾದ ಕ್ಷಣದಲ್ಲಿ ತಡೆಯೊಡ್ಡುತ್ತದೆ. ಅಂದರೆ ಪ್ರತಿ ಸುತ್ತಿಗೂ ಎರಡು ಸಲ ಹೊಡೆತ. (ಉದ್ದನೆಯ ಕೋಲೊಂದನ್ನು ನೆಟ್ಟಗೆ ಹಿಡಿದು ಒಮ್ಮೆ, ಅಡ್ಡ ಹಿಡಿದು ಒಮ್ಮೆ ಹೊರಳಿಸಿ ತೋರಿಸಿದರೆ ಜಡತ್ವ ಮಹತ್ವದ ಪಾಠ ತರಗತಿಯಲ್ಲೇ ಮುಗಿಯುತ್ತದೆ.) ಮೂರು ರೆಕ್ಕೆ ಹಾಕಿದಾಗ ಈ ಏರುಪೇರು ಇಲ್ಲವಾಯಿತು. ಬಿರುಗಾಳಿಯಲ್ಲಿ ರೆಕ್ಕೆಗಳ ಕೋನವನ್ನು ತಾನಾಗಿ ಬದಲಿಸಿ ವೇಗಕ್ಕೆ ಕಡಿವಾಣ ಹಾಕುವ ಗವರ್ನರನ್ನೂ ಅವರು ಅಳವಡಿಸಿದರು.

ಮುಂದೆ ಮಿನಿಯಾಪೊಲಿಸ್ ನಗರದಲ್ಲಿ ಕಾರ್ಖಾನೆ ತೆರೆದು, 1950ರ ದಶಕದಲ್ಲಿ ಮುಚ್ಚುವವರೆಗೆ ಅವರು ಸುಮಾರು 30,000 ಯಂತ್ರಗಳನ್ನು ತಯಾರಿಸಿದರೆಂಬ ಅಂದಾಜಿದೆ. ಗೋಪುರ, ಬ್ಯಾಟರಿ ಎಲ್ಲ ಸೇರಿ ಒಂದಕ್ಕೆ ಸುಮಾರು 1,000 ಡಾಲರ್. ಒಕ್ಕಲು ಕುಟುಂಬಕ್ಕೆ ಇದು ದೊಡ್ಡ ಮೊತ್ತ. ಆದರೂ ಕೊಂಡವರು ಮೂರ್ಖರಲ್ಲ. ಅವರು ಹೋಲಿಸುತ್ತಿದ್ದುದು ಸೀಮೆಎಣ್ಣೆ ದೀಪದೊಂದಿಗೆ, ಪೆಟ್ರೋಲ್ ಎಂಜಿನ್ನಿನೊಂದಿಗೆ, ರೇಡಿಯೋ ಬ್ಯಾಟರಿಯನ್ನು ಪೇಟೆಗೆ ಹೊತ್ತು ಚಾರ್ಜ್ ಮಾಡಿಸಿ ತರುವ ಪಾಡಿನೊಂದಿಗೆ. ಜೊತೆಗೆ, ಅಲ್ಲಿ ಗಾಳಿಗೆ ಅಡ್ಡವಾಗಿ ಮರವಿಲ್ಲ, ಕಟ್ಟಡವಿಲ್ಲ. ಯಂತ್ರ 50 ಅಡಿ ಎತ್ತರದ ಗೋಪುರದ ಮೇಲಿತ್ತು.

ಆ ಹೋಲಿಕೆಯನ್ನು ಬದಲಿಸಿದ್ದು ಸರ್ಕಾರ. 1935ರ ಮೇ ತಿಂಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣದ ಆಡಳಿತ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ಅಮೆರಿಕದ ನೂರರಲ್ಲಿ ಸುಮಾರು ಹತ್ತು ಹೊಲಮನೆಗಳಿಗೆ ಮಾತ್ರ ವಿದ್ಯುತ್ತಿತ್ತು. ರೈತರ ಸಹಕಾರ ಸಂಘಗಳಿಗೆ ಅಗ್ಗದ ಸಾಲ ಕೊಟ್ಟು ತಂತಿ ಎಳೆಸಿದ ಮೇಲೆ, 1950ರ ದಶಕದ ನಡುವಿಗೆ ಆ ಸಂಖ್ಯೆ 90 ದಾಟಿತು. ಯಂತ್ರ ಕೆಟ್ಟದ್ದಾಗಲಿಲ್ಲ, ಗಾಳಿಯೂ ನಿಲ್ಲಲಿಲ್ಲ. ಆದರೆ ಬ್ಯಾಟರಿಗೆ ಹೊಂದುವ 32 ವೋಲ್ಟಿನ ನೇರ ವಿದ್ಯುತ್ ಉಪಕರಣಗಳಿಗಿಂತ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಉಪಕರಣಗಳು ಅನುಕೂಲವಾದವು. ಗೋಪುರಗಳು ತುಕ್ಕು ಹಿಡಿದವು.

1973ರ ತೈಲ ಬಿಕ್ಕಟ್ಟಿನ ನಂತರ ಹಳೆಯ ಜೇಕಬ್ಸ್ ಯಂತ್ರಗಳನ್ನು ಹುಡುಕಿ ತಂದು ದುರಸ್ತಿ ಮಾಡುವ ಉತ್ಸಾಹಿಗಳು ಹುಟ್ಟಿಕೊಂಡರು. 1976ರಲ್ಲಿ ಅಂಥದ್ದೊಂದು ನ್ಯೂಯಾರ್ಕಿನ ಹಳೆಯ ವಠಾರವೊಂದರ ಛಾವಣಿ ಏರಿ, ವಿದ್ಯುತ್ ಜಾಲಕ್ಕೇ ಜೋಡಣೆಯಾಯಿತು. ಕಂಪನಿ ಆಕ್ಷೇಪಿಸಿತು, ವಠಾರದವರು ಗೆದ್ದರು. ಸಣ್ಣ ಉತ್ಪಾದಕರಿಂದ ಕಂಪನಿಗಳು ವಿದ್ಯುತ್ ಕೊಳ್ಳಬೇಕೆಂಬ ಕಾನೂನು 1978ರಲ್ಲಿ ಬಂತು. ಛಾವಣಿಯ ಗಾಳಿಯಂತ್ರದಿಂದ ಸಮಾಜಕ್ಕೆ ಆದ ದೊಡ್ಡ ಲಾಭ ವಿದ್ಯುತ್ತಲ್ಲ, ಈ ಹಕ್ಕು ಎಂದೇ ನನಗೆ ತೋರುತ್ತದೆ.

ಛಾವಣಿಯ ನಿಜವಾದ ಪರೀಕ್ಷೆ ನಡೆದದ್ದು ಬ್ರಿಟನ್ನಿನಲ್ಲಿ. 2006ರಲ್ಲಿ ಅಲ್ಲಿನ ಬಿ ಅಂಡ್ ಕ್ಯೂ ಮಳಿಗೆಗಳು ವಿಂಡ್‌ಸೇವ್ ಕಂಪನಿಯ ಒಂದು ಕಿಲೋವಾಟ್ ಯಂತ್ರವನ್ನು, ಜೋಡಣೆಯೂ ಸೇರಿ, 1,498 ಪೌಂಡಿಗೆ ಮಾರತೊಡಗಿದವು. ಚಕ್ರದ ವ್ಯಾಸ 1.75 ಮೀಟರ್. ಇಲ್ಲಿ ಸ್ವಲ್ಪ ಗಣಿತ ಮಾಡೋಣ. ಗಾಳಿಯಿಂದ ದೊರೆಯುವ ಸಾಮರ್ಥ್ಯವು ಚಕ್ರ ಗುಡಿಸುವ ವಿಸ್ತೀರ್ಣಕ್ಕೂ ವೇಗದ ಘನಕ್ಕೂ ಅನುಪಾತದಲ್ಲಿರುತ್ತದೆ. ಅದರಲ್ಲೂ ಶೇ. 59.3ಕ್ಕಿಂತ ಹೆಚ್ಚನ್ನು ಯಾವ ಚಕ್ರವೂ ಹಿಡಿಯಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ 1919ರಲ್ಲೇ ತೋರಿಸಿದ್ದ. ಈ ಚಕ್ರದ ವಿಸ್ತೀರ್ಣ 2.4 ಚದರ ಮೀಟರ್. ಜೇಕಬ್ಸ್ ಅವರ 14 ಅಡಿ ಚಕ್ರದ್ದು ಅದರ ಆರು ಪಟ್ಟು. ಸೆಕೆಂಡಿಗೆ 12 ಮೀಟರ್ ವೇಗದ ಗಾಳಿಯಲ್ಲಿ, ಶೇ. 40ರಷ್ಟು ಹಿಡಿದರೆ, ಒಂದು ಕಿಲೋವಾಟ್ ಸಿಗುತ್ತದೆ. ಅದು ಚಲಿಸುವ ಗಾಳಿಯಲ್ಲ, ಬಲವಾಗಿ ಬೀಸುವ ಗಾಳಿ. ವೇಗ 3 ಮೀಟರಿಗೆ ಇಳಿದರೆ ಸಾಮರ್ಥ್ಯ 64ನೇ ಒಂದು ಭಾಗ, ಅಂದರೆ 16 ವಾಟ್!

ಊರಿನ ಮನೆಗಳ ಛಾವಣಿಯ ಮೇಲಿನ ಗಾಳಿ ಎಂಥದು? 2007–08ರಲ್ಲಿ ನಡೆದ ‘ವಾರಿಕ್ ವಿಂಡ್ ಟ್ರಯಲ್ಸ್’ ಎಂಬ ಅಧ್ಯಯನ, ಕಟ್ಟಡಗಳ ಮೇಲಿದ್ದ ಐದು ತಯಾರಕರ 26 ಯಂತ್ರಗಳನ್ನು ಅಳೆಯಿತು. ನಿಲ್ಲಿಸಿಟ್ಟ ಅವಧಿಯನ್ನೂ ಸೇರಿಸಿದರೆ, ಒಂದು ಯಂತ್ರದ ಸರಾಸರಿ ಉತ್ಪಾದನೆ ದಿನಕ್ಕೆ 214 ವಾಟ್-ಗಂಟೆ. ಹಳೆಯ 60 ವಾಟ್ ಬಲ್ಬು ಮೂರೂವರೆ ಗಂಟೆ ಉರಿಯಲು ಅಷ್ಟು ಸಾಕು. ವರ್ಷಕ್ಕೆ 78 ಯೂನಿಟ್. ಯೂನಿಟ್ಟಿಗೆ 12 ಪೆನ್ಸ್ ಎಂದಿಟ್ಟುಕೊಂಡರೆ ಉಳಿತಾಯ ಒಂಬತ್ತು ಪೌಂಡ್ ಚಿಲ್ಲರೆ. 1,498 ಪೌಂಡ್ ಮರಳಲು ಸುಮಾರು 160 ವರ್ಷ ಬೇಕು. ಅತ್ಯುತ್ತಮ ಯಂತ್ರ ವರ್ಷಕ್ಕೆ 869 ಯೂನಿಟ್ ಕೊಟ್ಟಿತು, ಕೊನೆಯದು 15. ಕೆಲವು ಇನ್‌ವರ್ಟರುಗಳು ಗಾಳಿಯಿಲ್ಲದಾಗಲೂ ಎಚ್ಚರವಿದ್ದು, ವರ್ಷಕ್ಕೆ 80 ಯೂನಿಟ್‌ವರೆಗೆ ಜಾಲದಿಂದಲೇ ಹೀರಿದವು. ಅಂಥ ಮನೆಯಲ್ಲಿ ಗಾಳಿಯಂತ್ರ ಬಿಲ್ಲನ್ನು ಏರಿಸಿತೆಂದೇ ಅರ್ಥ. ಚೆನ್ನಾಗಿ ಕೆಲಸ ಮಾಡಿದವು ಬಹುಮಹಡಿ ಕಟ್ಟಡಗಳ ನೆತ್ತಿಯವು. ಸದ್ದಿನ ದೂರು ಬಂದು ಅವನ್ನು ನಿಲ್ಲಿಸಿಡಬೇಕಾಯಿತು.

ಮೋಸ ಎಲ್ಲಾಯಿತು? ಮುಖ್ಯವಾಗಿ ವೇಗದ ಅಂದಾಜಿನಲ್ಲಿ. ಭೂಪಟದ ಅಂಕಿಅಂಶಗಳು ತೆರೆದ ಪ್ರದೇಶಕ್ಕೆ ಸರಿ. ಅಕ್ಕಪಕ್ಕದ ಮನೆ, ಮರಗಳ ನಡುವೆ ಗಾಳಿ ನಿಧಾನವಾಗಿ ಸುಳಿಸುಳಿಯಾಗುತ್ತದೆ. 5 ಮೀಟರ್ ಎಂದು ಲೆಕ್ಕ ಹಾಕಿದ ಕಡೆ ಇರುವುದು 3 ಮೀಟರಾದರೆ, 125ರ ಬದಲು 27. ಐದನೇ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚು, ಅಷ್ಟೇ. ಮಳಿಗೆಗಳು 2009ರಲ್ಲಿ ಮಾರಾಟ ನಿಲ್ಲಿಸಿದವು, ಅದೇ ವರ್ಷ ವಿಂಡ್‌ಸೇವ್ ಬಾಗಿಲು ಮುಚ್ಚಿತು. ನಮ್ಮ ತಾರಸಿಗೂ ಘನದ ನಿಯಮ ಇದೇ. ಹಣ ಕೊಡುವ ಮೊದಲು, ಯಂತ್ರ ನಿಲ್ಲಿಸಬೇಕೆಂದಿರುವ ಎತ್ತರದಲ್ಲಿಯೇ ಬಟ್ಟಲು ವೇಗಮಾಪಕವಿಟ್ಟು ವರ್ಷವಿಡೀ ಅಳೆಯುವುದು ಒಳ್ಳೆಯದು. ಮುಂಗಾರಿನ ನಾಲ್ಕು ತಿಂಗಳ ಗಾಳಿಯನ್ನು ನಂಬಿದರೆ ಉಳಿದ ಎಂಟು ತಿಂಗಳು ಕೈಕೊಡುತ್ತವೆ.

ವಾರಿಕ್ ಅಧ್ಯಯನ ನಡೆಯುತ್ತಿದ್ದಾಗಲೇ, 2008ರ ಫೆಬ್ರವರಿಯಲ್ಲಿ, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಯ ಎಗ್ ಎಂಬ ಪುಟ್ಟ ದ್ವೀಪದಲ್ಲಿ ನಾಲ್ಕು ಸಣ್ಣ ಗಾಳಿಯಂತ್ರಗಳು ತಿರುಗತೊಡಗಿದವು. ತಲಾ 6 ಕಿಲೋವಾಟಿನವು, ಛಾವಣಿಯ ಮೇಲಲ್ಲ, ಬಯಲಿನಲ್ಲಿ ಕಂಬಗಳ ಮೇಲೆ. ಮುಖ್ಯ ನಾಡಿನ ವಿದ್ಯುತ್ ಜಾಲ ಆ ದ್ವೀಪವನ್ನು ಮುಟ್ಟಿಲ್ಲ. ಅದುವರೆಗೆ ಅಲ್ಲಿನ ಮನೆಗಳು ಡೀಸೆಲ್ ಜನರೇಟರುಗಳನ್ನು ನಂಬಿದ್ದವು. ಝರಿಗಳ ಜಲವಿದ್ಯುತ್ತು, ಸೌರಫಲಕ, ಗಾಳಿ ಮೂರನ್ನೂ ಕೂಡಿಸಿ ಬ್ಯಾಟರಿಗಳ ಜೊತೆ ಊರಿಗೆಲ್ಲ ಒಂದೇ ಜಾಲ ಮಾಡಿಕೊಂಡರು. ಪ್ರತಿ ಮನೆಗೂ 5 ಕಿಲೋವಾಟಿನ ಮಿತಿ. ಮೀರಿದರೆ ಸಂಪರ್ಕ ಕಡಿಯುತ್ತದೆ.