ಅರ್ಜಿ ನಮೂನೆಯಲ್ಲಿ ಅಡಗಿರುವ ಚರಿತ್ರೆ

ಅರ್ಜಿ, ನಮೂನೆ, ದಾಖಲಾತಿ, ಸಹಿ, ಮೊಹರು, ರಸೀದಿ, ವಾಯಿದೆ. ಕಾಲೇಜು ಸೇರಲು ಹೊರಟ ಹುಡುಗನೊಬ್ಬ ಒಂದು ವಾರದಲ್ಲಿ ಎಷ್ಟು ಸಲ ಈ ಮಾತುಗಳನ್ನು ಆಡುತ್ತಾನೋ ಲೆಕ್ಕವಿಲ್ಲ. ಇವೆಲ್ಲ ಅರಬಿ, ಪಾರಸಿಗಳಿಂದ ಬಂದು ಕನ್ನಡದ ಮನೆಮಾತಾದವು. ಅವನು ಅಲೆಯುವ ತಾಲ್ಲೂಕು ಕಚೇರಿಯ ‘ತಾಲ್ಲೂಕು’ ಕೂಡ ಅಲ್ಲಿಂದಲೇ ಬಂದದ್ದು. ಆದರೆ ಮಾತು ಮನೆಗೆ ಬಂದಷ್ಟು ಸುಲಭವಾಗಿ ಮನೆಯ ಮಕ್ಕಳು ಕಾಲೇಜಿಗೆ ಹೋಗಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಮಕ್ಕಳು ಪದವಿಗೆ, ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವ ಹಂತಕ್ಕೆ ಬಂದ ಕಥೆ ದೊಡ್ಡ ಗ್ರಂಥಗಳಲ್ಲಿ ಸಿಗುವುದು ಕಡಿಮೆ. ಆದರೆ ಆ ಅರ್ಜಿ ನಮೂನೆಯ ಒಂದೊಂದು ಕಾಲಮ್ಮಿನ ಹಿಂದೆಯೂ ಒಂದು ಚರಿತ್ರೆಯಿದೆ.

ಮೈಸೂರಿನಲ್ಲಿ ಇಂಗ್ಲಿಷ್ ಶಿಕ್ಷಣದ ಮೊದಲ ಬಾಗಿಲು 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ತೆರೆದ ರಾಜಾ ಶಾಲೆ. ಅದೇ ಬೆಳೆದು ಮಹಾರಾಜಾ ಕಾಲೇಜಾಯಿತು. ಆದರೂ ಪದವಿ ಬೇಕಿದ್ದವರು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗೇ ಕೂರಬೇಕಿತ್ತು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಈ ಪರಾವಲಂಬನೆ ತಪ್ಪಿತು. ನಾಲ್ವಡಿಯವರು ಅರಸರು, ವಿಶ್ವೇಶ್ವರಯ್ಯನವರು ದಿವಾನರು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು.

ಬಾಗಿಲು ತೆರೆದರೂ ಹೊಸ್ತಿಲು ಎತ್ತರವಾಗಿಯೇ ಇತ್ತು. ಆರ್.ಕೆ. ನಾರಾಯಣ್ ಮೈಸೂರಿನಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಮಗ. ಅಂಥವರೂ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ ಒಂದು ವರ್ಷ ಮನೆಯಲ್ಲಿ ಕುಳಿತರು. 1926ರಲ್ಲಿ ಪಾಸಾಗಿ ಮಹಾರಾಜಾ ಕಾಲೇಜು ಸೇರಿ 1930ರಲ್ಲಿ ಬಿ.ಎ. ಪದವೀಧರರಾದರು. ಆ ಬಿಡುವಿನ ವರ್ಷದಲ್ಲಿ ಅವರು ಓದಿದ್ದೂ ಬರೆದದ್ದೂ ಮುಂದೆ ಫಲ ಕೊಟ್ಟಿತು. ಹಳ್ಳಿಯ ಹುಡುಗ ಒಂದು ವರ್ಷ ಮನೆಯಲ್ಲಿ ಕುಳಿತರೆ ಅವನ ಕೈಗೆ ಬರುತ್ತಿದ್ದದ್ದು ನೇಗಿಲು ಅಥವಾ ಅಂಗಡಿಯ ತಕ್ಕಡಿ. ಮುಸ್ಲಿಮರಲ್ಲೂ ಇದೇ ಅಂತರವಿತ್ತು. ಮುಂದೆ ದಿವಾನರಾದ ಮಿರ್ಜಾ ಇಸ್ಮಾಯಿಲ್ ಸಾಹೇಬರು ನಾಲ್ವಡಿಯವರ ಸಹಪಾಠಿಯಾಗಿ ಓದಿ, 1905ರಲ್ಲೇ ಪದವಿ ಪಡೆದವರು. ಆದರೆ ಅರಮನೆಯ ಪಾಠಶಾಲೆಯ ದಾರಿ ಹುಣಸೂರಿನ ಮೊಹಲ್ಲಾಗಳಿಂದ ಹಾದುಹೋಗುತ್ತಿರಲಿಲ್ಲ.

ನಮೂನೆಯಲ್ಲಿ ‘ಭಾಷೆ’ ಎಂಬ ಕಾಲಂ ಇದೆ. 1927ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಎಂ.ಎ. ಆರಂಭವಾಗುವವರೆಗೆ, ನಾಡಿನ ಭಾಷೆಯಲ್ಲೇ ಉನ್ನತ ಪದವಿ ಇರಲಿಲ್ಲ. ಆ ಮೊದಲ ತಂಡದಲ್ಲಿ ಓದಿದ ಕುವೆಂಪು 1956ರಿಂದ 1960ರವರೆಗೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಸ್ನಾತಕೋತ್ತರ ವಿಭಾಗಗಳ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಉರ್ದುವಿಗೂ ಅಲ್ಲಿ ಸ್ನಾತಕೋತ್ತರ ವಿಭಾಗ ಬಂತು. ಪ್ರೈಮರಿಯನ್ನು ಉರ್ದುವಿನಲ್ಲಿ, ಹೈಸ್ಕೂಲನ್ನು ಕನ್ನಡದಲ್ಲಿ ಓದಿದ ಮಕ್ಕಳಿಗೆ ಈ ಕಾಲಂ ಭರ್ತಿ ಮಾಡುವುದು ಇಂದಿಗೂ ಯೋಚನೆಯ ವಿಷಯವೇ. ಒಂದು ಭಾಷೆ ಅಮ್ಮಿಜಾನ್ ಕಲಿಸಿದ್ದು, ಇನ್ನೊಂದು ಊರು ಕಲಿಸಿದ್ದು. ಎರಡರಲ್ಲಿ ಒಂದನ್ನು ಹೊಡೆದುಹಾಕಿ ಎನ್ನುತ್ತದೆ ನಮೂನೆ.

‘ಪ್ರವರ್ಗ’ದ ಕಾಲಮ್ಮಿನ ಚರಿತ್ರೆ ಇನ್ನೂ ದೀರ್ಘವಾದದ್ದು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ, ಮುಸ್ಲಿಮರೂ ಸೇರಿದಂತೆ ಬ್ರಾಹ್ಮಣೇತರ ಸಮುದಾಯಗಳನ್ನು ಹಿಂದುಳಿದವರೆಂದು ಪರಿಗಣಿಸಿತು. ಇದನ್ನು ಮುಂದಿನ ಘಟ್ಟಕ್ಕೆ ಒಯ್ದವರು ಹುಣಸೂರು ತಾಲ್ಲೂಕಿನವರೇ. ಕಲ್ಲಹಳ್ಳಿಯ ಡಿ. ದೇವರಾಜ ಅರಸು ಹುಟ್ಟಿದ್ದು 1915ರಲ್ಲಿ, ವಿಶ್ವವಿದ್ಯಾನಿಲಯಕ್ಕಿಂತ ಒಂದು ವರ್ಷ ಮುಂಚೆ. 1972ರಲ್ಲಿ ಮುಖ್ಯಮಂತ್ರಿಯಾದ ಅವರು ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿದರು. 1975ರಲ್ಲಿ ಬಂದ ವರದಿ ಮುಸ್ಲಿಮರನ್ನು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಸೇರಿಸಿರಲಿಲ್ಲ. 1977ರ ಸರಕಾರಿ ಆದೇಶದಲ್ಲಿ ಅರಸು ಸರಕಾರ ಸೇರಿಸಿತು. 1995ರಿಂದ ಅದು ‘2ಬಿ’ ಎಂಬ ಹೆಸರಿನಲ್ಲಿ ಶೇಕಡಾ 4ಕ್ಕೆ ನಿಂತಿತು. 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ ಇದನ್ನು ರದ್ದು ಮಾಡುವ ಆದೇಶ ಹೊರಡಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಆದೇಶ ಜಾರಿಯಾಗದೆ ಉಳಿಯಿತು. ಎರಡು ಅಕ್ಷರಗಳ ಒಂದು ಕಾಲಮ್ಮಿಗಾಗಿ ಎಷ್ಟು ಆಯೋಗ, ಎಷ್ಟು ಕೋರ್ಟು! ಅದನ್ನು ಬರೆಯುವ ಹುಡುಗಿಗೆ ಇದೊಂದೂ ಗೊತ್ತಿರುವುದಿಲ್ಲ. ಆಕೆಗೆ ಗೊತ್ತಿರುವುದು, ಸರ್ಟಿಫಿಕೇಟು ನಾಡಕಚೇರಿಯಿಂದ ಇನ್ನೂ ಬಂದಿಲ್ಲ ಎಂಬುದಷ್ಟೆ.

‘ಖಾಯಂ ವಿಳಾಸ’ ಎಂಬುದು ನಮಗೆ ಅತ್ಯಂತ ಸರಳವಾದ ಕಾಲಂ. ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಅದೇ ಕಠಿಣ. 1970ರ ದಶಕದಲ್ಲಿ ಕಬಿನಿ ಅಣೆಕಟ್ಟಿನ ಹಿನ್ನೀರು ಹಳ್ಳಿಗಳನ್ನು ಮುಳುಗಿಸಿತು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದಾಗ ಜೇನುಕುರುಬರು, ಕಾಡುಕುರುಬರು, ಯರವರು ಕಾಡಿನಂಚಿಗೆ ಬಂದರು. ಅಜ್ಜನಿದ್ದ ಊರು ನೀರಿನಲ್ಲಿ, ಅಪ್ಪನಿದ್ದ ಹಾಡಿ ಕಾಡಿನೊಳಗೆ. ಮೊಮ್ಮಗ ‘ಖಾಯಂ’ ಎಂದು ಏನನ್ನು ಬರೆಯಬೇಕು? ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟಿಯನ್ನರ ಮಕ್ಕಳಿಗೂ ಈ ಪ್ರಶ್ನೆ ಬೇರೊಂದು ರೀತಿಯಲ್ಲಿ ಎದುರಾಗುತ್ತದೆ.

ಇನ್ನು ‘ಕೊನೆಯ ದಿನಾಂಕ’. ಇದು ನಮೂನೆಯ ಅತ್ಯಂತ ನಿರ್ದಯ ಸಾಲು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗಳಲ್ಲಿ ಜೂನ್–ಜುಲೈ ಎಂದರೆ ಕೈಯಲ್ಲಿ ಕಾಸಿಲ್ಲದ ಕಾಲ. ಇದ್ದದ್ದೆಲ್ಲ ಸಸಿಗೆ, ಗೊಬ್ಬರಕ್ಕೆ, ಬ್ಯಾರನ್ನಿನ ಸೌದೆಗೆ ಹೋಗಿರುತ್ತದೆ. ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಬೇಲು ಮಾರಾಟವಾಗಿ ಹಣ ಬರಲು ಸೆಪ್ಟೆಂಬರ್ ಆದರೂ ಬೇಕು. ಕೆ.ಆರ್. ನಗರದ ಭತ್ತದ ರೈತನಿಗೆ ಡಿಸೆಂಬರ್. ಶಾಲಾ ವರ್ಷದ ಪಂಚಾಂಗವೇ ಬೇರೆ, ಹೊಲದ ಪಂಚಾಂಗವೇ ಬೇರೆ. ಇವೆರಡರ ನಡುವಿನ ಎರಡು ಮೂರು ತಿಂಗಳಲ್ಲಿ ಬಡ್ಡಿಗೆ ಕೊಡುವವನು ಬೆಳೆದ. ಎಷ್ಟೋ ಮಕ್ಕಳ ಓದು ನಿಂತಿತು. ಹಿಂದುಳಿದ ವರ್ಗಗಳ ಹಾಸ್ಟೆಲು, ವಿದ್ಯಾರ್ಥಿವೇತನಗಳ ಬೆಲೆ ಗೊತ್ತಾಗುವುದು ಈ ತಿಂಗಳುಗಳಲ್ಲೇ.

ದೂರದ ಮಾತನ್ನೂ ಹೇಳಬೇಕು. ಈ ನಾಲ್ಕು ಪಟ್ಟಣಗಳಲ್ಲಿ ರೈಲು ಇರುವುದು ಕೆ.ಆರ್. ನಗರಕ್ಕೆ ಮಾತ್ರ. ಉಳಿದ ಮೂರೂ ಊರುಗಳು ಬಸ್ಸನ್ನೇ ನಂಬಿದವು. ಪಿರಿಯಾಪಟ್ಟಣದಿಂದ ಮೈಸೂರಿಗೆ ಸುಮಾರು 70 ಕಿಲೋಮೀಟರ್. ತಾಲ್ಲೂಕು ಕೇಂದ್ರಗಳಿಗೆ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಂದಮೇಲೆ ಹೆಣ್ಣುಮಕ್ಕಳು ಬಿ.ಎ., ಬಿ.ಕಾಂ. ಮುಗಿಸತೊಡಗಿದರು. ಆದರೆ ಎಂ.ಎ. ಎಂದರೆ ಮತ್ತೆ ಮೈಸೂರು, ಮತ್ತೆ ಹಾಸ್ಟೆಲಿನ ಪ್ರಶ್ನೆ, ಮತ್ತೆ ನೆಂಟರ ಮಾತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭಿಸಿದ ಅಂಚೆ ಶಿಕ್ಷಣ ಇಂಥವರ ಪಾಲಿಗೆ ದೊಡ್ಡ ಆಸರೆಯಾಯಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮನೆಗೆಲಸ ಮುಗಿಸಿ ರಾತ್ರಿ ಪಾಠದ ಪುಸ್ತಕ ಬಿಡಿಸಿದ ಸೊಸೆಯಂದಿರು, ಗುಜರಿ ಅಂಗಡಿಯಲ್ಲಿ ಕುಳಿತು ಓದಿದ ಯುವಕರು ಇಲ್ಲಿ ಪದವೀಧರರಾದರು. 2013ರ ನಂತರ ಕೆಲವು ವರ್ಷ ಅದರ ಯು.ಜಿ.ಸಿ. ಮಾನ್ಯತೆ ತಪ್ಪಿ 2018ರಲ್ಲಿ ಮರಳಿ ಬಂತು. ಆ ನಡುವೆ ಏಟು ತಿಂದವರು, ಬೇರೆ ದಾರಿಯೇ ಇಲ್ಲದೆ ಅಲ್ಲಿಗೆ ಅರ್ಜಿ ಹಾಕಿದವರು.

2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿ, ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬರು, ಸ್ನಾತಕೋತ್ತರ ಓದುವ 50 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರೆಂದು ಹೇಳಿತು. ಒಂದು ಮೆಟ್ಟಿಲು ಹತ್ತುವಷ್ಟರಲ್ಲಿ ಅರ್ಧದಷ್ಟು ಜನ ಕಾಣೆ! ಬುದ್ಧಿಯ ಕೊರತೆಯಿಂದ ಹೀಗಾಯಿತೆನ್ನಲು ಸಾಧ್ಯವಿಲ್ಲ. ಭಾಷೆ, ಪ್ರವರ್ಗ, ವಿಳಾಸ, ದಿನಾಂಕ, ದೂರ, ಈ ಒಂದೊಂದು ಸಾಲಿನಲ್ಲೂ ಇಷ್ಟಿಷ್ಟು ಜನ ಉದುರುತ್ತ ಬಂದಿದ್ದಾರೆ.

ಕೆಲವು ಸಾಲುಗಳು ಸುಲಭವಾಗಿವೆ. ಅಂಕಪಟ್ಟಿಯ ಜೆರಾಕ್ಸ್ ಹಿಡಿದು ಗೆಜೆಟೆಡ್ ಅಧಿಕಾರಿಯ ಮನೆ ಕಾಯುವ ಕಾಲ ಬಹುಮಟ್ಟಿಗೆ ಹೋಗಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಟಿಕೇಟಿನ ಖರ್ಚು ಇಲ್ಲ. ಆದರೆ ಅರ್ಜಿ ಕಂಪ್ಯೂಟರಿಗೆ ಹೋದಮೇಲೆ ಹೊಸ ತೊಡಕೊಂದು ಹುಟ್ಟಿದೆ. ಉರ್ದು ಶಾಲೆಯ ರಿಜಿಸ್ಟರಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಅಂಕಪಟ್ಟಿಯಲ್ಲಿ ಮತ್ತೊಂದು. ‘ಮೊಹಮ್ಮದ್’ ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಎರಡಕ್ಷರ. ಗುಮಾಸ್ತನ ಎದುರು ವಿವರಿಸಬಹುದಿತ್ತು. ಯಂತ್ರಕ್ಕೆ ವಿವರಿಸುವುದು ಹೇಗೆ?

ಮಕ್ಕಳು ಹತ್ತನೇ ತರಗತಿಗೆ ಬರುವ ಮೊದಲೇ ಶಾಲೆಯ ದಾಖಲೆಯಲ್ಲಿ ಹೆಸರು ಸರಿಮಾಡಿಸುವುದು, ಏಪ್ರಿಲ್‌ನಲ್ಲೇ ಜಾತಿ, ಆದಾಯ ಪತ್ರಗಳಿಗೆ ಅರ್ಜಿ ಕೊಡುವುದು, ಜೂನ್ ತಿಂಗಳಲ್ಲಿ ಮಸೀದಿಯ ಒಂದು ಕೋಣೆಯನ್ನೋ ಊರಿನ ಗ್ರಂಥಾಲಯದ ಒಂದು ಮೇಜನ್ನೋ ಅರ್ಜಿ ತುಂಬುವವರಿಗೆ ಬಿಟ್ಟುಕೊಡುವುದು ದೊಡ್ಡ ಕ್ರಾಂತಿಯೇನಲ್ಲ. ಓದಿದ ಒಬ್ಬ ಅಣ್ಣ, ಒಬ್ಬ ಅಕ್ಕ ಅಲ್ಲಿ ಸಂಜೆ ಎರಡು ತಾಸು ಕುಳಿತರೆ ಸಾಕು. ಆ ಮೇಜಿನ ಮುಂದೆ ಮೊಹಲ್ಲಾದ ಹುಡುಗಿಯೂ ಹಾಡಿಯ ಹುಡುಗನೂ ಒಟ್ಟಿಗೆ ಸಾಲು ನಿಲ್ಲಲಿ. ಇಬ್ಬರ ನಮೂನೆಯೂ ಒಂದೇ, ಕೊನೆಯ ದಿನಾಂಕವೂ ಒಂದೇ.